ನಾವು ನಿಲ್ಲದ ಸಾಲಿನಲ್ಲಿ ಇತರರನ್ನು ನಿಲ್ಲಿಸಬಹುದೇ?

(ಜುಮುಆ ಪ್ರವಚನದ ಸಾರಾಂಶ)

ಸರ್ವ ಸ್ತುತಿಯೂ ಅಲ್ಲಾಹನಿಗೆ. ಅವನ ಅಂತಿಮ ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬದವರ ಮತ್ತು ಸಹಾಬಿಗಳ ಮೇಲೆ ಸಲಾತ್ ಹಾಗೂ ಸಲಾಮ್ ಇರಲಿ. ಅಲ್ಲಾಹನನ್ನು ಭಯಪಟ್ಟು ಬದುಕಬೇಕೆಂದು ಮೊದಲು ನಮಗೂ ಆಮೇಲೆ ನಿಮಗೂ ಉಪದೇಶಿಸುತ್ತೇವೆ.



ಕಳೆದ ತಿಂಗಳು ನಮ್ಮ ಮೊಹಲ್ಲಾದ ಒಬ್ಬ ತಾಯಿಯ ಜೊತೆ ನಾವು ಆಸ್ಪತ್ರೆಗಳನ್ನು ಅಲೆದೆವು. ಅವರು ಬೀಡಿ ಕಟ್ಟಿ ಮಕ್ಕಳನ್ನು ಸಾಕಿದವರು. ಹೃದಯದ ಕವಾಟ ಕೆಟ್ಟಿದೆ, ಆಪರೇಷನ್ ಆಗಲೇಬೇಕು ಎಂದು ಡಾಕ್ಟರ್ ಹೇಳಿದ್ದರು. ಕೈಯಲ್ಲಿ ಬಿಪಿಎಲ್ ರೇಷನ್ ಕಾರ್ಡ್ ಇತ್ತು, ಆಯುಷ್ಮಾನ್ ಕಾರ್ಡ್ ಕೂಡ ಇತ್ತು. ಆದರೆ ಖಾಸಗಿ ಆಸ್ಪತ್ರೆಯ ಕೌಂಟರಿನಲ್ಲಿ ಸರಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ತನ್ನಿ ಎಂದರು. ಸರಕಾರಿ ಆಸ್ಪತ್ರೆಗೆ ಹೋದರೆ ಚೀಟಿಗೆ ಸಹಿ ಹಾಕುವ ವೈದ್ಯರು ರಜೆಯಲ್ಲಿದ್ದರು. ಮರುದಿನ ಹೋದಾಗ ಹೊಸ ತೊಡಕು. ಆಧಾರ್‌ನಲ್ಲಿ ಹೆಸರಿನ ಕೊನೆಗೆ ‘ಬಿ’ ಇದೆ, ರೇಷನ್ ಕಾರ್ಡಿನಲ್ಲಿ ‘ಬಾನು’ ಇದೆ. ಸರಿಪಡಿಸಿಕೊಂಡು ಬನ್ನಿ ಎಂದರು.

ಬೆಂಚಿನ ಮೇಲೆ ಏದುಸಿರು ಬಿಡುತ್ತಾ ಕುಳಿತಿದ್ದ ಆ ತಾಯಿ ನಮ್ಮನ್ನು ಕೇಳಿದರು: “ಹಜರತ್, ಈ ಕಾನೂನು ಮಾಡಿದವರಿಗೆ ಎದೆ ನೋವು ಬಂದರೆ ಅವರೂ ಈ ಚೀಟಿ ತರಬೇಕಾ?”

ನಮ್ಮಲ್ಲಿ ಉತ್ತರವಿರಲಿಲ್ಲ. ಇವತ್ತಿನ ಖುತ್ಬಾ ಆ ಪ್ರಶ್ನೆಯ ಬಗ್ಗೆಯೇ.

ಮೊದಲು ನ್ಯಾಯವಾದ ಮಾತನ್ನು ಹೇಳಿಬಿಡೋಣ. ಯೋಜನೆ ಸುಳ್ಳಲ್ಲ. ಆ ತಾಯಿಗೆ ಆಪರೇಷನ್ ಆಯಿತು, ಅಲ್‌ಹಮ್ದುಲಿಲ್ಲಾಹ್, ಈಗ ಚೇತರಿಸಿಕೊಳ್ಳುತ್ತಿದ್ದಾರೆ. ಆಪರೇಷನ್‌ನ ಹಣವನ್ನು ಸರಕಾರವೇ ಭರಿಸಿತು. 2018ರ ಮಾರ್ಚ್‌ನಲ್ಲಿ ನಮ್ಮ ರಾಜ್ಯದಲ್ಲಿ ಆರೋಗ್ಯ ಕರ್ನಾಟಕ ಯೋಜನೆ ಆರಂಭವಾಯಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಕೇಂದ್ರದ ಆಯುಷ್ಮಾನ್ ಭಾರತ್ ಬಂತು. ಅಕ್ಟೋಬರ್ ಕೊನೆಯ ಹೊತ್ತಿಗೆ ಎರಡನ್ನೂ ಒಂದುಗೂಡಿಸಲಾಯಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಉಳಿದವರಿಗೆ ಪ್ಯಾಕೇಜ್ ದರದ ಶೇ. 30ರಷ್ಟು ನೆರವು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ರೆಫರಲ್ ಚೀಟಿಗೂ ಒಂದು ಕಾರಣವಿದೆ. ಸರಕಾರಿ ಆಸ್ಪತ್ರೆಯಲ್ಲೇ ಆಗುವ ಚಿಕಿತ್ಸೆಗೆ ಸಾರ್ವಜನಿಕರ ಹಣ ಹೊರಗೆ ಹೋಗಬಾರದು ಎಂಬುದು ಅದರ ಉದ್ದೇಶ. ತುರ್ತು ಚಿಕಿತ್ಸೆಗಳ ಪಟ್ಟಿಯಲ್ಲಿದ್ದರೆ ಆ ಚೀಟಿಯೂ ಬೇಡ.

ಆದರೆ ಈ ನಿಯಮ ಮಾಡಿದವರ ಚಿಕಿತ್ಸೆಯ ದಾರಿ ಬೇರೆ. ಸಂಸದರಿಗೆ ಕೇಂದ್ರ ಸರಕಾರದ ಆರೋಗ್ಯ ಯೋಜನೆ, ಅಂದರೆ ಸಿಜಿಎಚ್‌ಎಸ್ ಇದೆ. ನಮ್ಮ ಶಾಸಕರಿಗೆ ಚಿಕಿತ್ಸಾ ವೆಚ್ಚ ಮರುಪಾವತಿಯ ವ್ಯವಸ್ಥೆ ಇದೆ. ಬಡವರಿಗಾಗಿ ಬರೆದ ಪುಸ್ತಕ ಒಂದು, ಬರೆದವರಿಗಾಗಿ ಇರುವ ಪುಸ್ತಕ ಇನ್ನೊಂದು.

ಸಹೋದರರೇ, ಇದನ್ನು ನಾವು ರಾಜಕೀಯದ ಕಣ್ಣಿನಿಂದ ನೋಡುತ್ತಿಲ್ಲ. ಎಲ್ಲ ಪಕ್ಷಗಳ ಸರಕಾರಗಳೂ ಹೀಗೆಯೇ ನಡೆದುಕೊಂಡಿವೆ. ದೀನ್ ಏನು ಹೇಳುತ್ತದೆ ಎಂಬುದನ್ನು ನೋಡೋಣ.

ಸೂರಃ ಅಲ್ ಬಕರಃದ 267ನೆಯ ವಚನವನ್ನು ನಾವು ಸಾಮಾನ್ಯವಾಗಿ ಝಕಾತ್ ಮತ್ತು ಸದಕಾದ ಸಂದರ್ಭದಲ್ಲಿ ಓದುತ್ತೇವೆ. ನಿಮ್ಮ ಸಂಪಾದನೆಯಲ್ಲಿ ಉತ್ತಮವಾದುದನ್ನು ಖರ್ಚು ಮಾಡಿರಿ, ನಿಮಗೇ ಕೊಟ್ಟರೆ ಕಣ್ಣು ಮುಚ್ಚಿಕೊಂಡಲ್ಲದೆ ಸ್ವೀಕರಿಸದಂಥ ಕಳಪೆ ವಸ್ತುವನ್ನು ಕೊಡಲು ಹೊರಡಬೇಡಿರಿ ಎಂಬುದು ಅದರ ತಾತ್ಪರ್ಯ. ಅಲ್ಲಾಹನು ಕೊಟ್ಟ ಅಳತೆಗೋಲು ಎಷ್ಟು ಸರಳ ನೋಡಿ. ಇದೇ ನಿನಗೆ ಸಿಕ್ಕಿದ್ದರೆ ನೀನು ತೆಗೆದುಕೊಳ್ಳುತ್ತಿದ್ದೆಯಾ? ಇಷ್ಟೇ ಪ್ರಶ್ನೆ. ಅಕ್ಕಿಗೂ ಬಟ್ಟೆಗೂ ಅನ್ವಯಿಸುವ ಈ ಅಳತೆ ಆಸ್ಪತ್ರೆಯ ವಾರ್ಡಿಗೆ ಅನ್ವಯಿಸುವುದಿಲ್ಲವೇ?

ಸೂರಃ ಅಲ್ ಮುತಫ್ಫಿಫೀನ್‌ನ ಆರಂಭದಲ್ಲಿ, ತಾವು ಪಡೆಯುವಾಗ ಪೂರ್ತಿ ಅಳೆದು ಪಡೆದು, ಇತರರಿಗೆ ಕೊಡುವಾಗ ಕಡಿಮೆ ಅಳೆಯುವವರಿಗೆ ವಿನಾಶದ ಎಚ್ಚರಿಕೆ ಇದೆ. ತಕ್ಕಡಿ ಎಂದರೆ ಅಂಗಡಿಯದ್ದು ಮಾತ್ರವಲ್ಲ. ಅಧಿಕಾರವೂ ಒಂದು ತಕ್ಕಡಿ.

ಪ್ರವಾದಿ(ಸ)ರ ಜೀವನಕ್ಕೆ ಬನ್ನಿ. ಹುದೈಬಿಯಾದ ಒಪ್ಪಂದದ ದಿನ ಸಹಾಬಿಗಳು ಬಹಳ ನೊಂದಿದ್ದರು. ಉಮ್ರಾ ಮಾಡದೆ ಮರಳಬೇಕಾಗಿತ್ತು. ಬಲಿ ಕೊಟ್ಟು ತಲೆ ಬೋಳಿಸಿಕೊಳ್ಳಿರಿ ಎಂದು ಪ್ರವಾದಿ(ಸ) ಹೇಳಿದಾಗ ಒಬ್ಬರೂ ಏಳಲಿಲ್ಲ. ಮೂರು ಸಲ ಹೇಳಿದರು. ಡೇರೆಯೊಳಗೆ ಹೋಗಿ ಹ. ಉಮ್ಮು ಸಲಮಾ(ರ)ರಲ್ಲಿ ಈ ವಿಷಯ ಹೇಳಿದಾಗ ಅವರು ಒಂದು ಸಲಹೆ ಕೊಟ್ಟರು. ಯಾರೊಡನೆಯೂ ಮಾತಾಡದೆ ಹೊರಗೆ ಹೋಗಿ, ತಮ್ಮ ಬಲಿಯನ್ನು ತಾವೇ ಮೊದಲು ಕೊಟ್ಟು, ತಲೆ ಬೋಳಿಸಿಕೊಳ್ಳಿ ಎಂದರು. ಪ್ರವಾದಿ(ಸ) ಹಾಗೆಯೇ ಮಾಡಿದರು. ಅದನ್ನು ಕಂಡ ಕೂಡಲೇ ಎಲ್ಲರೂ ಎದ್ದರು. ಬುಖಾರಿಯಲ್ಲಿ ವರದಿಯಾದ ಘಟನೆ ಇದು. ಮೂರು ಸಲದ ಆದೇಶದಿಂದ ಆಗದ ಕೆಲಸ ಒಂದು ಸಲದ ಮಾದರಿಯಿಂದ ಆಯಿತು.

ಹಿಜರಿ 18ರಲ್ಲಿ ಮದೀನಾ ಕಡೆ ಭೀಕರ ಬರ ಬಂತು. ಆ ವರ್ಷವನ್ನು ‘ಆಮುರ್‍ರಮಾದ’, ಬೂದಿಯ ವರ್ಷ ಎನ್ನುತ್ತಾರೆ. ಖಲೀಫಾ ಹ. ಉಮರ್(ರ) ಜನರಿಗೆ ಸಿಗುವವರೆಗೆ ತುಪ್ಪವನ್ನೂ ಮಾಂಸವನ್ನೂ ಮುಟ್ಟುವುದಿಲ್ಲ ಎಂದು ನಿಶ್ಚಯಿಸಿದರು. ಎಣ್ಣೆಯಲ್ಲಿ ರೊಟ್ಟಿ ತಿಂದು ಅವರ ಮೈಬಣ್ಣವೇ ಬದಲಾಯಿತು ಎಂದು ಇತಿಹಾಸಕಾರರು ಬರೆದಿದ್ದಾರೆ. ಜನರಿಗೆ ತಟ್ಟಿದ್ದು ನನಗೆ ತಟ್ಟದಿದ್ದರೆ ಅವರ ಸ್ಥಿತಿ ನನಗೆ ಹೇಗೆ ತಿಳಿದೀತು ಎಂಬುದು ಅವರ ವಾದವಾಗಿತ್ತು. ಇಲ್ಲಿ ಒಂದು ಸೂಕ್ಷ್ಮವಿದೆ. ಉಮರ್(ರ) ತುಪ್ಪ ಬಿಟ್ಟದ್ದರಿಂದ ಬರ ನಿಲ್ಲಲಿಲ್ಲ. ಆದರೆ ತುಪ್ಪ ಬಿಟ್ಟ ಖಲೀಫಾ ಧಾನ್ಯ ಕಳಿಸಿರೆಂದು ಪ್ರಾಂತಗಳ ಗವರ್ನರ್‌ಗಳಿಗೆ ಪತ್ರ ಬರೆದರು. ಹಸಿವು ತನಗೂ ತಟ್ಟಿದಾಗ ಕೆಲಸಕ್ಕೆ ವೇಗ ಬರುತ್ತದೆ.

ಈಗ ಕೇಳುವ ಪ್ರಶ್ನೆ: ಇದನ್ನು ಕಾನೂನಿನಿಂದ ಮಾಡಿಸಬಹುದೇ? ಪ್ರಯತ್ನಗಳು ನಡೆದಿವೆ. ಅಮೆರಿಕದಲ್ಲಿ 2009ರಲ್ಲಿ ಆರೋಗ್ಯ ವಿಮೆಯ ದೊಡ್ಡ ಮಸೂದೆ ಚರ್ಚೆಯಲ್ಲಿದ್ದಾಗ, ಚಕ್ ಗ್ರಾಸ್ಲಿ ಎಂಬ ಸೆನೆಟರ್ ಸಂಸದರೂ ಅವರ ಸಿಬ್ಬಂದಿಯೂ ಈ ಕಾನೂನಿನಡಿಯ ವಿಮೆಯನ್ನೇ ಪಡೆಯಬೇಕು ಎಂದು ತಿದ್ದುಪಡಿ ತಂದರು. 2010ರ ಮಾರ್ಚ್‌ನಲ್ಲಿ ಒಬಾಮ ಸಹಿ ಹಾಕಿದ ಕಾನೂನಿನಲ್ಲಿ ಅಂಥ ಕಲಮು ಸೇರಿತ್ತು. ತಿದ್ದುಪಡಿ ತಂದ ಗ್ರಾಸ್ಲಿಯವರೇ ಇಡೀ ಕಾನೂನಿಗೆ ವಿರುದ್ಧವಾಗಿ ಮತ ಹಾಕಿದ್ದರು ಎಂಬುದು ಬೇರೆ ಮಾತು. 2013ರ ಕೊನೆಯಲ್ಲಿ ಸಂಸದರು ವಾಷಿಂಗ್ಟನ್ನಿನ ವಿಮಾ ವೆಬ್‌ಸೈಟಿನಲ್ಲಿ ಹೆಸರು ನೋಂದಾಯಿಸಬೇಕಾಯಿತು. ಆಗಿನ ಸ್ಪೀಕರ್ ಜಾನ್ ಬೇನರ್ ತಮಗೆ ನೋಂದಣಿ ಮಾಡಲು ಎಷ್ಟು ಕಷ್ಟವಾಯಿತು ಎಂದು ಬಹಿರಂಗವಾಗಿ ದೂರಿಕೊಂಡರು. ಅವರು ಆ ಕಾನೂನಿನ ವಿರೋಧಿ, ನಿಜ. ಆದರೂ ಜನಸಾಮಾನ್ಯನಿಗೆ ಸಿಗುವ ಅನುಭವ ಸ್ಪೀಕರ್‌ಗೂ ಸಿಕ್ಕಿತು. ಜೊತೆಗೆ ಇದನ್ನೂ ನೋಡಿ: ಸರಕಾರ ಉದ್ಯೋಗದಾತನಾಗಿ ಕೊಡುತ್ತಿದ್ದ ವಂತಿಗೆ ಅವರಿಗೆ ಮುಂದುವರಿಯಿತು. ಸಂಸತ್ ಭವನದಲ್ಲಿ ಅವರಿಗಾಗಿಯೇ ಇರುವ ವೈದ್ಯರ ಕಚೇರಿಯೂ ಹಾಗೆಯೇ ಉಳಿಯಿತು.

ನಮ್ಮ ದೇಶದಲ್ಲಿ 2015ರ ಆಗಸ್ಟ್‌ನಲ್ಲಿ ಅಲಹಾಬಾದ್ ಹೈಕೋರ್ಟು, ಸರಕಾರಿ ನೌಕರರು ಮತ್ತು ಜನಪ್ರತಿನಿಧಿಗಳ ಮಕ್ಕಳು ಸರಕಾರಿ ಪ್ರಾಥಮಿಕ ಶಾಲೆಯಲ್ಲೇ ಓದುವಂತೆ ನೋಡಿಕೊಳ್ಳಿ ಎಂದು ಉತ್ತರ ಪ್ರದೇಶ ಸರಕಾರಕ್ಕೆ ಆದೇಶಿಸಿತು. 2018ರಲ್ಲಿ ಅದೇ ಹೈಕೋರ್ಟು ಆಸ್ಪತ್ರೆಗಳ ಬಗ್ಗೆಯೂ ಇಂಥದೇ ಮಾತು ಹೇಳಿತು. ಶಾಲೆಯ ಆದೇಶ ಕಾಗದದಿಂದ ನೆಲಕ್ಕೆ ಇಳಿಯಲೇ ಇಲ್ಲ.

ಇದಕ್ಕೆ ಇರುವ ಆಕ್ಷೇಪವನ್ನೂ ನಾವು ತೂಗಬೇಕು. ಶಾಸಕರು ತಾಲೂಕು ಆಸ್ಪತ್ರೆಗೆ ಬಂದರೆ ಏನಾಗುತ್ತದೆ? ಡಾಕ್ಟರರೆಲ್ಲ ಅವರ ಹಿಂದೆ ಓಡುತ್ತಾರೆ. ಸ್ಪೆಷಲ್ ರೂಮು ತೊಳೆಯುತ್ತಾರೆ. ಅಷ್ಟು ಹೊತ್ತು ಸಾಲಿನಲ್ಲಿರುವ ಬಡವ ಕಾಯುತ್ತಾನೆ. ಇದರಿಂದ ಬಡವನಿಗೆ ಲಾಭವೋ ನಷ್ಟವೋ? ಇನ್ನೊಂದು, ಕಾಯಿಲೆ ಅಲ್ಲಾಹನ ಪರೀಕ್ಷೆ. ಕಾಯಿಲೆ ಬಿದ್ದವರು ಮಂತ್ರಿಯೇ ಇರಲಿ, ಅವರಿಗೆ ಕಷ್ಟವಾಗಲಿ ಎಂದು ಬಯಸುವುದು ಮೂಮಿನನಿಗೆ ಹೇಳಿಸಿದ್ದಲ್ಲ. ತನಗೆ ಬಯಸುವುದನ್ನೇ ಸಹೋದರನಿಗೂ ಬಯಸಬೇಕೆಂದು ಪ್ರವಾದಿ(ಸ) ಕಲಿಸಿದ್ದಾರೆ. ಅವರನ್ನು ನಮ್ಮ ಕಷ್ಟಕ್ಕೆ ಇಳಿಸುವುದು ನಮ್ಮ ಗುರಿಯಲ್ಲ. ನಮ್ಮ ವಾರ್ಡು ಅವರು ಒಪ್ಪುವ ಮಟ್ಟಕ್ಕೆ ಏರಬೇಕು, ಅದೇ ಗುರಿ.

ಆದ್ದರಿಂದ ನಾವು ಕೇಳಬೇಕಾದದ್ದು ಆಸ್ಪತ್ರೆಯ ಹೆಸರನ್ನಲ್ಲ, ಸಾಲನ್ನು. ಇಂಗ್ಲೆಂಡಿನಲ್ಲಿ 1948ರ ಜುಲೈ 5ರಂದು ಆರಂಭವಾದ ರಾಷ್ಟ್ರೀಯ ಆರೋಗ್ಯ ಸೇವೆಯಲ್ಲಿ ಬಡವ, ಶ್ರೀಮಂತ ಎಂದು ಎರಡು ಪುಸ್ತಕ ಇಡಲಿಲ್ಲ. 2020ರ ಏಪ್ರಿಲ್‌ನಲ್ಲಿ ಪ್ರಧಾನಿ ಬೋರಿಸ್ ಜಾನ್ಸನ್ ಕೋವಿಡ್‌ನಿಂದ ತೀವ್ರ ಅಸ್ವಸ್ಥರಾದಾಗ ದಾಖಲಾದದ್ದು ಅದೇ ಸೇವೆಯ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ. ಅಲ್ಲಿ ಕೊರತೆಗಳಿಲ್ಲ ಎಂದಲ್ಲ. ಆದರೆ ಕೊರತೆ ಇದ್ದರೆ ಅದು ಎಲ್ಲರ ಕೊರತೆ.

ನಮ್ಮಲ್ಲೂ ಒಂದು ಬಾಗಿಲು ತೆರೆದಿದೆ. 2024ರ ಅಕ್ಟೋಬರ್ 29ರಂದು ಆಯುಷ್ಮಾನ್ ಯೋಜನೆಯನ್ನು 70 ವರ್ಷ ದಾಟಿದ ಎಲ್ಲರಿಗೂ, ಆದಾಯ ನೋಡದೆ, ವಿಸ್ತರಿಸಲಾಯಿತು. ಸಿಜಿಎಚ್‌ಎಸ್ ಇರುವವರು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬಹುದು. 70 ದಾಟಿದ ಸಂಸದರೇ, ನೀವು ಯಾವುದನ್ನು ಆರಿಸಿದಿರಿ ಎಂದು ಮತ ಕೇಳಲು ಬಂದಾಗ ಗೌರವದಿಂದ ಕೇಳೋಣ. ನಮ್ಮ ಶಾಸಕರನ್ನೂ ಕೇಳೋಣ. ಮುಂದಿನ ಸಲ ನಿಮ್ಮ ಮನೆಯವರಿಗೆ ಹುಷಾರಿಲ್ಲದಾಗ ಒಮ್ಮೆ, ಫೋನ್ ಮಾಡಿಸದೆ, ಕಾರ್ಡು ಹಿಡಿದು ಆ ಕೌಂಟರಿನ ಮುಂದೆ ನಿಲ್ಲುತ್ತೀರಾ? ನಿಂತರೆ, ‘ಬಿ’ಗೂ ‘ಬಾನು’ಗೂ ಇರುವ ಅಂತರಕ್ಕೆ ಅಧಿವೇಶನದಲ್ಲಿ ಪರಿಹಾರ ಸಿಗುತ್ತದೆ ಎಂಬ ನಂಬಿಕೆ ನಮಗಿದೆ.

ಸಹೋದರರೇ, ಖುತ್ಬಾವನ್ನು ಇಲ್ಲಿಗೇ ಮುಗಿಸಿದರೆ ನಿಮಗೂ ನಮಗೂ ಹಿತವಾಗಿರುತ್ತಿತ್ತು. ಆದರೆ ಸೂರಃ ಅಲ್ ಬಕರಃದ 44ನೆಯ ವಚನ ಜನರಿಗೆ ಒಳಿತನ್ನು ಉಪದೇಶಿಸಿ ತಮ್ಮನ್ನೇ ಮರೆಯುವವರನ್ನು ಪ್ರಶ್ನಿಸುತ್ತದೆ. ಮಿಂಬರಿನ ಮೇಲೆ ನಿಂತವನಿಗೆ ಆ ವಚನ ಮೊದಲು ಅನ್ವಯಿಸುತ್ತದೆ.

ನಮ್ಮ ಮಸೀದಿಯ ಬೈತುಲ್ ಮಾಲ್‌ನಿಂದ ಚಿಕಿತ್ಸೆಗೆ ನೆರವು ಕೊಡುತ್ತೇವಲ್ಲ, ಅದರ ಅರ್ಜಿ ನಮೂನೆಯನ್ನು ಬರೆದದ್ದು ನಾವೇ. ಡಾಕ್ಟರರ ಅಂದಾಜು ಪಟ್ಟಿ, ಇಬ್ಬರು ನೆರೆಯವರ ಸಹಿ, ರೇಷನ್ ಕಾರ್ಡಿನ ಪ್ರತಿ. ತೀರ್ಮಾನ ತಿಂಗಳ ಮೊದಲ ಭಾನುವಾರದ ಸಭೆಯಲ್ಲಿ. ಅಮಾನತ್ತಿನ ಹಣ, ಲೆಕ್ಕ ಇರಬೇಕು ಎಂದು ಹಾಗೆ ಬರೆದೆವು. ಅದು ತಪ್ಪಲ್ಲ. ಆದರೆ ಕಳೆದ ವರ್ಷ ನಮ್ಮ ಮಗನಿಗೆ ಡೆಂಗಿ ಜ್ವರ ಬಂದು ರಾತ್ರಿ ಹನ್ನೊಂದಕ್ಕೆ ಆಸ್ಪತ್ರೆಗೆ ಸೇರಿಸಬೇಕಾದಾಗ ನಾವೇನು ಮಾಡಿದೆವು? ಖಜಾಂಚಿ ಸಾಹೇಬರಿಗೆ ಫೋನ್ ಮಾಡಿದೆವು. ಅರ್ಧ ಗಂಟೆಯಲ್ಲಿ ಇಪ್ಪತ್ತು ಸಾವಿರ ಸಾಲವಾಗಿ ಕೈಗೆ ಬಂತು. ಅಲ್ಲಾಹನ ಕೃಪೆಯಿಂದ ಮಗ ಗುಣವಾದ, ಹಣವನ್ನೂ ತೀರಿಸಿದೆವು. ಆದರೆ ಅಂದು ಎರಡು ಕುಟುಂಬಗಳ ಅರ್ಜಿಗಳು ನಮ್ಮದೇ ಮೇಜಿನ ಮೇಲೆ ಭಾನುವಾರಕ್ಕಾಗಿ ಕಾಯುತ್ತಿದ್ದವು. ನಮಗೆ ಅದು ಹೊಳೆಯಲೇ ಇಲ್ಲ.

ಆಸ್ಪತ್ರೆಯ ಬೆಂಚಿನ ಮೇಲೆ ಆ ತಾಯಿ ಶಾಸಕರ ಬಗ್ಗೆ ಕೇಳಿದಾಗ ನಮ್ಮ ಬಾಯಿ ಕಟ್ಟಿದ್ದು ಇದಕ್ಕೇ. ಆ ಎರಡು ಅರ್ಜಿಗಳಲ್ಲಿ ಒಂದು ಅವರದ್ದಾಗಿತ್ತು. ಅವರಿಗೆ ನಮ್ಮ ಫೋನಿನ ವಿಷಯ ಗೊತ್ತಿಲ್ಲ. ಇಂದು ಪರದೆಯ ಆಚೆ ಕುಳಿತು ಕೇಳುತ್ತಿದ್ದರೆ, ಅವರಲ್ಲಿ ಎಲ್ಲರ ಮುಂದೆ ಕ್ಷಮೆ ಕೇಳುತ್ತೇವೆ.

ಕಳೆದ ಭಾನುವಾರ ಕಮಿಟಿಯ ಮುಂದೆ ಇದನ್ನು ಇಟ್ಟೆವು. ಮೂರು ತೀರ್ಮಾನಗಳಾಗಿವೆ. ಒಂದು, ಆಸ್ಪತ್ರೆಗೆ ದಾಖಲಾಗುವ ಸಂದರ್ಭ ಬಂದರೆ, ಇಬ್ಬರು ಪದಾಧಿಕಾರಿಗಳು ಫೋನಿನಲ್ಲೇ ಒಪ್ಪಿ ಅದೇ ದಿನ ಹಣ ಕೊಡಬೇಕು, ಕಾಗದ ಆಮೇಲೆ. ಎರಡು, ಇಮಾಮರಾಗಲಿ ಅಧ್ಯಕ್ಷರಾಗಲಿ, ಬೈತುಲ್ ಮಾಲ್‌ನ ಹಣ ಮುಟ್ಟುವಾಗ ಇದೇ ನಮೂನೆ, ಇದೇ ಸಾಲು. ಮೂರು, ಪ್ರತಿ ಭಾನುವಾರ ಅಸರ್ ನಮಾಝ್ ಬಳಿಕ ನಮ್ಮ ಓದಿದ ಯುವಕರು ಮದರಸಾದಲ್ಲಿ ಕುಳಿತು ಆಧಾರ್ ಮತ್ತು ರೇಷನ್ ಕಾರ್ಡಿನ ಹೆಸರು ಹೊಂದುತ್ತಿದೆಯೇ ಎಂದು ನೋಡಿಕೊಡುತ್ತಾರೆ. ಜಾತಿ ಧರ್ಮ ನೋಡದೆ ಬೀದಿಯ ಎಲ್ಲರೂ ಬರಲಿ. ಕಾಯಿಲೆ ಬರುವ ಮೊದಲೇ ಬನ್ನಿ.

ನಿಮ್ಮಲ್ಲಿ ಪ್ರತಿಯೊಬ್ಬರೂ ಒಂದಲ್ಲ ಒಂದು ಕಡೆ ಕುರುಬರೇ, ನಿಮ್ಮ ಹಿಂಡಿನ ಬಗ್ಗೆ ವಿಚಾರಣೆ ಇದೆ ಎಂದು ಪ್ರವಾದಿ(ಸ) ಎಚ್ಚರಿಸಿದ್ದಾರೆ. ಅಂಗಡಿ ನಡೆಸುವವರು, ಕೆಲಸದವರಿಗೆ ಕೊಡುವ ಊಟವನ್ನು ನೀವೂ ಉಣ್ಣುತ್ತೀರಾ? ಮನೆ ಬಾಡಿಗೆಗೆ ಕೊಡುವವರು, ಆ ಮನೆಯ ನೀರನ್ನು ನೀವು ಕುಡಿಯುತ್ತೀರಾ? ಶಾಸಕರಿಗೆ ಪ್ರಶ್ನೆ ಕೇಳುವ ನಾಲಿಗೆಗೆ ಬಲ ಬರುವುದು ಈ ಪ್ರಶ್ನೆಗಳಿಗೆ ಉತ್ತರ ಕೊಟ್ಟ ಮೇಲೆ.

ಯಾ ಅಲ್ಲಾಹ್, ನಮ್ಮ ರೋಗಿಗಳಿಗೆ ಶಿಫಾ ಕರುಣಿಸು. ನಮ್ಮನ್ನು ಆಳುವವರಿಗೆ ಜನರ ನೋವು ತಟ್ಟುವ ಹೃದಯ ಕೊಡು. ಇತರರಿಗೆ ನಿಯಮ ಬರೆಯುವಾಗ ಆ ನಿಯಮದೊಳಗೆ ನಮ್ಮನ್ನೂ ನಿಲ್ಲಿಸು. ಆಮೀನ್.