ಗಟ್ಟಿಯಾಗದ ಜೆಲ್

ನಿಮ್ಮಲ್ಲಿ ಕೋಡ್ ತಪ್ಪಾದ್ರೆ ಎರರ್ ಮೆಸೇಜ್ ಬರುತ್ತೆ. ನಮ್ಮ ಲ್ಯಾಬಲ್ಲಿ ಬರಲ್ಲ.

ಪುಣೆಗೆ ಬಂದ ಹೊಸದರಲ್ಲಿ, ಪ್ರೋಟೀನ್ ಬೇರ್ಪಡಿಸೋಕೆ ಪಾಲಿಅಕ್ರಿಲಮೈಡ್ ಜೆಲ್ ಸುರಿದೆ. ಒಂದು ಗಂಟೆ ಆದ್ರೂ ನೀರು ನೀರು. ಬರಿಗೈಯಲ್ಲಿ ಮುಟ್ಟಿ ನೋಡೋಕೆ ಹೋದೆ. ಸೀನಿಯರ್ ಒಬ್ರು ಕೈ ಹಿಡಿದು ತಡೆದ್ರು. ಗಟ್ಟಿಯಾಗದ ಅಕ್ರಿಲಮೈಡ್ ನರಗಳಿಗೆ ವಿಷ, ಚರ್ಮದ ಮೂಲಕವೇ ಒಳಗೆ ಹೋಗುತ್ತೆ. ಗಟ್ಟಿಯಾದ ಮೇಲೂ ಸ್ವಲ್ಪ ಉಳಿದಿರುತ್ತೆ.

ತಪ್ಪು ಹಳೇ ಅಮೋನಿಯಂ ಪರ್ಸಲ್ಫೇಟ್ ದ್ರಾವಣದ್ದು. ಅಣುಗಳು ಸರಪಳಿಯಾಗೋದನ್ನ ಶುರು ಮಾಡೋದೇ ಅದು. ಟೆಮೆಡ್ ಅದಕ್ಕೆ ವೇಗ ಕೊಡುತ್ತೆ. ಗಾಳಿಯ ಆಮ್ಲಜನಕ ಅಡ್ಡಿ ಮಾಡುತ್ತೆ, ಅದಕ್ಕೇ ಮೇಲೊಂದು ಐಸೋಪ್ರೊಪನಾಲ್ ಪದರ. ಶೇ. 10ರ ದ್ರಾವಣವನ್ನ ಹೊಸದಾಗಿ ಮಾಡಿ, ಮತ್ತೆ ಸುರಿದೆ. ಅರ್ಧ ಗಂಟೇಲಿ ಗಟ್ಟಿ.

ಈಗ ಗ್ಲೌಸ್ ತೆಗೆಯಲ್ಲ, ಜೆಲ್ ಮುಟ್ಟಿ ನೋಡಲ್ಲ. ಟ್ಯೂಬಲ್ಲಿ ಸ್ವಲ್ಪ ಉಳಿಸಿಕೊಂಡು, ಓರೆ ಮಾಡಿ ನೋಡ್ತೀನಿ. ಅದೇ ನನ್ನ ಎರರ್ ಮೆಸೇಜ್.