ಚುಚ್ಚುಮದ್ದಿನ ನಂತರ ತೋಳು ಮೇಲೇಳದಿದ್ದರೆ



ಗರ್ಭಿಣಿಯ ತೋಳಿಗೆ ಟಿ.ಡಿ. ಚುಚ್ಚುಮದ್ದು ಹಾಕಿಸಿದ ಮೇಲೆ ಒಂದೆರಡು ದಿನ ನೋವು, ಸ್ವಲ್ಪ ಬಾವು ಇರುವುದು ಸಹಜ. ಅದು ತಾನಾಗಿಯೇ ಇಳಿಯುತ್ತದೆ. ನಾನು ಹೇಳಹೊರಟಿರುವುದು ಅಪರೂಪವಾದ ಬೇರೊಂದು ನೋವಿನ ವಿಷಯ.

ಸೂಜಿಯನ್ನು ತೋಳಿನ ದಪ್ಪ ಸ್ನಾಯುವಿಗೆ ಚುಚ್ಚತಕ್ಕದ್ದು. ಅದು ತೀರ ಮೇಲಕ್ಕೆ, ಭುಜದ ಕೀಲಿನ ಸಮೀಪಕ್ಕೆ ಹೋದರೆ ಅಲ್ಲಿ ಉರಿಯೂತ ಉಂಟಾಗಬಹುದು. ಆಗ ಸಾಮಾನ್ಯವಾಗಿ ಎರಡು ದಿನಗಳೊಳಗೆ ನೋವು ತೊಡಗಿ, ವಾರಗಳು ಕಳೆದರೂ ಬಿಡದು. ತಲೆ ಬಾಚಲು, ರವಿಕೆ ತೊಡಲು, ಕೊಡ ಎತ್ತಲು ಕೈ ಏಳದು. ಇದು ಬಹುಮಟ್ಟಿಗೆ ಚುಚ್ಚಿದ ಜಾಗದ ದೋಷ. ಆದುದರಿಂದ ಲಸಿಕೆಗೆ ಹೆದರಿ ಮುಂದಿನ ಚುಚ್ಚುಮದ್ದನ್ನು ಬಿಡಬಾರದು. ಇನ್ನೊಂದು ತೋಳಿಗೆ ಹಾಕಿರೆಂದು ಕೇಳಬಹುದು.

ಕಳೆ ಕೀಳುವ, ನಾಟಿ ಹಾಕುವ ಹೆಣ್ಣುಮಗಳ ಕೈ ನಿಂತರೆ ಆ ದಿನದ ಕೂಲಿಯೂ ನಿಂತಂತೆ. ಇಂತಹ ನಷ್ಟಕ್ಕೆ ಪರಿಹಾರ ಕೇಳುವುದು ಭಿಕ್ಷೆಯಲ್ಲ. ಅಮೆರಿಕದಲ್ಲಿ 1986ರ ಕಾನೂನಿನಂತೆ ಇದಕ್ಕೆ ಪ್ರತ್ಯೇಕ ನಿಧಿಯೇ ಇದೆ. 2017ರಲ್ಲಿ ಭುಜದ ಗಾಯವೂ ಅದರ ಪಟ್ಟಿಗೆ ಸೇರಿತು. ನೋವು 48 ಗಂಟೆಗಳೊಳಗೆ ಆರಂಭವಾಗಿ, ಇತರ ನಿಬಂಧನೆಗಳೂ ಪೂರೈಸಿದರೆ, ಅಲ್ಲಿ ಯಾರ ತಪ್ಪೆಂದು ಸಾಧಿಸಬೇಕಾಗಿಲ್ಲ. ನಮ್ಮ ನ್ಯಾಯಾಲಯಗಳಲ್ಲಾದರೋ ನಿರ್ಲಕ್ಷ್ಯವನ್ನು ತೋರಿಸಿಕೊಡುವ ಹೊಣೆ ಸಾಮಾನ್ಯವಾಗಿ ಕೇಳುವವರ ಮೇಲೆಯೇ ಇದೆ. ಬಾಯಿಮಾತು ಅಲ್ಲಿ ನಿಲ್ಲದು, ಕಾಗದ ನಿಲ್ಲುತ್ತದೆ.

ಆದ್ದರಿಂದ ನೋವು ಕಂಡ ಕೂಡಲೇ ಆಶಾ ಕಾರ್ಯಕರ್ತೆಗಾಗಲಿ ಆರೋಗ್ಯ ಸಹಾಯಕಿಗಾಗಲಿ ತಿಳಿಸಿರಿ. ಲಸಿಕೆಯ ನಂತರದ ತೊಂದರೆಯನ್ನು ವರದಿ ಮಾಡುವ ವ್ಯವಸ್ಥೆ ಇಲಾಖೆಯಲ್ಲಿದೆ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳಿಗೆ ತೋರಿಸಿ, ಯಾವ ದಿನ ಚುಚ್ಚಿದರು, ಯಾವ ದಿನ ನೋವು ತೊಡಗಿತು ಎಂಬುದನ್ನು ಚೀಟಿಯಲ್ಲಿ ಬರೆಸಿಕೊಳ್ಳಿರಿ. ಮನೆಮದ್ದು ಸವರಿಕೊಂಡು ಎರಡು ತಿಂಗಳು ಕಾದು ಹೋದರೆ ಈ ತಾರೀಖನ್ನು ಯಾರೂ ಬರೆದುಕೊಡಲಾರರು. ಪತಿಯಾದವನು ಕೊಡವನ್ನು ತಾನು ಹೊರುವುದರ ಜೊತೆಗೆ ಈ ಚೀಟಿಗಳನ್ನೂ ಜೋಪಾನ ಮಾಡಲಿ.

ಹಣ ಕೊಟ್ಟು ಖಾಸಗಿ ಆಸ್ಪತ್ರೆಯಲ್ಲಿ ಹಾಕಿಸಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಅವಧಿ ಎರಡು ವರ್ಷ. ಸೇವೆಗೆ ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿನ ಶುಲ್ಕವಿಲ್ಲ. ಎಲ್ಲರಿಗೂ ಉಚಿತವಾಗಿ ಚಿಕಿತ್ಸೆ ನೀಡುವ ಆಸ್ಪತ್ರೆಯ ಸೇವೆ ಗ್ರಾಹಕ ಕಾನೂನಿಗೆ ಒಳಪಡದೆಂದು 1995ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸರ್ಕಾರಿ ಆಸ್ಪತ್ರೆಯ ಉಚಿತ ಲಸಿಕೆಯಾದರೆ ಸಿವಿಲ್ ನ್ಯಾಯಾಲಯವೇ ಮೊದಲಾದ ಬೇರೆ ದಾರಿಯನ್ನು ಹಿಡಿಯಬೇಕಾಗುತ್ತದೆ. ಅಲ್ಲಿಯೂ ಕಾಲಮಿತಿಯುಂಟು; ತಡಮಾಡಬೇಡಿರಿ.

ವಕೀಲರ ಫೀಜಿಗೆ ಅಂಜಿ ಹಿಂಜರಿಯುವವರೇ ಹೆಚ್ಚು. 1987ರ ಕಾನೂನು ಸೇವೆಗಳ ಅಧಿನಿಯಮದಂತೆ ಮಹಿಳೆಯರು ಮತ್ತು ಮಕ್ಕಳು, ಆದಾಯವೆಷ್ಟೇ ಇರಲಿ, ಉಚಿತ ಕಾನೂನು ನೆರವಿಗೆ ಅರ್ಹರು. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಕೊಡಬಹುದು. ಹೋಗುವಾಗ ತಾಯಿ ಕಾರ್ಡು, ವೈದ್ಯರ ಚೀಟಿ, ಔಷಧದ ರಸೀದಿ, ಕೂಲಿ ತಪ್ಪಿದ ದಿನಗಳ ಲೆಕ್ಕ ಇವಿಷ್ಟನ್ನೂ ಕೈಯಲ್ಲಿ ಹಿಡಿದುಕೊಂಡು, ಇಬ್ಬರೂ ಒಟ್ಟಿಗೆ ಹೋಗಿರಿ.