ಕಂಪ್ಯೂಟರಿಗೆ ಅಂಕೋಲಾ ಎರಡು

ಮಕ್ಕಳೇ, ಕಾಳಿ ನದಿಯ ಆಚೆ ದಡದಲ್ಲಿ, ಸದಾಶಿವಗಡದ ಮಗ್ಗುಲಿಗೆ ಚಿತ್ತಾಕುಲ ಇದೆಯಲ್ಲ, ಆ ಹೆಸರನ್ನೊಮ್ಮೆ ಬರೆಯಿರಿ. ಎಷ್ಟು ಅಕ್ಷರ? ಚಿ, ತ್ತಾ, ಕು, ಲ. ನಾಲ್ಕು. ನಿಮ್ಮ ಟೀಚರೂ ಒಪ್ಪುತ್ತಾರೆ. ಕಂಪ್ಯೂಟರ್ ಮಾತ್ರ ಒಂಬತ್ತು ಎನ್ನುತ್ತದೆ.

ಅಕ್ಷರದ ಆಕಾರ ಅದಕ್ಕೆ ಬೇಕಿಲ್ಲ, ಸಂಖ್ಯೆ ಸಾಕು. ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆ ಹಂಚಿದ ಪಟ್ಟಿಯೇ ಯೂನಿಕೋಡ್. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೂ ಜಾಗ ಸಿಕ್ಕಿತು. ಅದರಲ್ಲಿ ‘ಚ’ ಅಂದರೆ 3226. ಗುಡಿಸಿಗೆ ಬೇರೆ ಸಂಖ್ಯೆ, ಕೊಂಬಿಗೆ ಬೇರೆ. ಒತ್ತಕ್ಷರಕ್ಕೆ ಪ್ರತ್ಯೇಕ ಸಂಖ್ಯೆಯೇ ಇಲ್ಲ. ಒಂದು ‘ತ’, ನಡುವೆ ‘್’ ಗುರುತು, ಮತ್ತೊಂದು ‘ತ’ ಸಾಲಾಗಿ ಬಂದರೆ ಅದೇ ‘ತ್ತ’. ಈಗ ಎಣಿಸಿ ನೋಡಿ, ಒಂಬತ್ತೇ. ಯುಟಿಎಫ್-8 ಎಂಬ ಪದ್ಧತಿಯಲ್ಲಿ ಇಟ್ಟರೆ ಕನ್ನಡದ ಒಂದೊಂದು ಸಂಖ್ಯೆಗೂ 3 ಬೈಟ್, ಒಟ್ಟು 27. ಊರಿನ ಹೆಸರಿಗೆ 20 ಬೈಟ್ ಧಾರಾಳವಾಯಿತು ಎಂದುಕೊಂಡವರ ಡೇಟಾಬೇಸಿನಲ್ಲಿ ಚಿತ್ತಾಕುಲ ಹಿಡಿಸುವುದಿಲ್ಲ!

ಇನ್ನು ಲಾಗಿನ್ ವಿಷಯ. ಕನ್ನಡದಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಎಂಬ ಭೇದವಿಲ್ಲ. ಇಂಗ್ಲಿಷಿನಲ್ಲಿ ಕಾರವಾರ ಎಂದು ಬರೆಯುವಾಗ ಮೊದಲಿಗೆ ದೊಡ್ಡ ‘ಕೆ’ ಹಾಕಿದರೆ 75, ಚಿಕ್ಕದು ಹಾಕಿದರೆ 107. ನಮಗೆ ಒಂದೇ ಊರು, ಕಂಪ್ಯೂಟರಿಗೆ ಎರಡು. ಹೀಗೇ ಬಿಟ್ಟರೆ ದೊಡ್ಡ ‘ಕೆ’ಯ ಹೆಸರಲ್ಲಿ ಒಬ್ಬರು, ಚಿಕ್ಕ ‘ಕೆ’ಯ ಹೆಸರಲ್ಲಿ ಇನ್ನೊಬ್ಬರು ಖಾತೆ ತೆರೆದುಬಿಡಬಹುದು. ಅದಕ್ಕೇ ಡೇಟಾಬೇಸಿಗೆ ಹೋಲಿಕೆಯ ನಿಯಮ ಹೇಳಿಕೊಡಬೇಕು: ಬಳಕೆದಾರರ ಹೆಸರು ನೋಡುವಾಗ 75 ಮತ್ತು 107 ಒಂದೇ ಎಂದುಕೋ. ಈ ನಿಯಮದ ಹೆಸರು ಕೊಲೇಷನ್.

ಪಾಸ್‌ವರ್ಡಿಗೆ ಈ ರಿಯಾಯಿತಿ ಇಲ್ಲ, ಇರಲೂಬಾರದು. ಒಳ್ಳೆಯ ವ್ಯವಸ್ಥೆ ನಿಮ್ಮ ಪಾಸ್‌ವರ್ಡನ್ನು ಇದ್ದ ಹಾಗೆ ಇಟ್ಟುಕೊಳ್ಳುವುದೇ ಇಲ್ಲ. ಅದನ್ನು ಲೆಕ್ಕಕ್ಕೆ ಹಾಕಿ, ಅರೆದು, ಹಿಂದಕ್ಕೆ ಬಿಡಿಸಲಾಗದ ಒಂದು ಸಾಲು ಮಾಡಿ ಇಡುತ್ತದೆ. ಒಂದು ಅಕ್ಷರ ಚಿಕ್ಕದಿದ್ದದ್ದು ದೊಡ್ಡದಾದರೆ ಸಾಲಿಗೆ ಸಾಲೇ ಬೇರೆ.

ಹಾಗಾದರೆ ಕನ್ನಡದಲ್ಲಿ ಹೆಸರು ಕೊಟ್ಟರೆ ತಂಟೆಯೇ ಇಲ್ಲವಲ್ಲ ಎಂದಿರಾ? ಅಂಕೋಲಾ ನೋಡಿ. ‘ಕೋ’ ಬರೆಯಲು ‘ಕ’ ಮುಂದೆ ‘ೋ’ ಎಂಬ ಒಂದೇ ಗುರುತು ಹಾಕಬಹುದು. ಎತ್ವ, ಕೊಂಬಿನಿಳಿ, ದೀರ್ಘ ಎಂದು ಮೂರು ಗುರುತು ಜೋಡಿಸಿದರೂ ಆದೀತು. ಯೂನಿಕೋಡಿನಲ್ಲಿ ಎರಡೂ ಸರಿ. ಮೊದಲ ಅಂಕೋಲಾದಲ್ಲಿ 6 ಸಂಖ್ಯೆ, ಎರಡನೆಯದರಲ್ಲಿ 8. ಪರದೆಯ ಮೇಲೆ ಕೂದಲೆಳೆಯ ವ್ಯತ್ಯಾಸವೂ ಕಾಣಬೇಕಿಲ್ಲ; ಆದರೂ ಲಾಗಿನ್ ಆಗಲಿಕ್ಕಿಲ್ಲ. ದೊಡ್ಡ-ಚಿಕ್ಕ ಅಕ್ಷರದ ಗೊಂದಲಕ್ಕಿಂತ ಇದು ಕಿರಿಕಿರಿ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಕಣ್ಣಿಗೆ ತಪ್ಪೇ ಸಿಗುವುದಿಲ್ಲ. ಹೋಲಿಸುವ ಮುಂಚೆ ಎರಡನ್ನೂ ಒಂದೇ ರೂಪಕ್ಕೆ ತರುವುದು ಇದಕ್ಕೆ ಪರಿಹಾರ. ಆ ಕೆಲಸಕ್ಕೆ ನಾರ್ಮಲೈಸೇಷನ್ ಎನ್ನುತ್ತಾರೆ. ಹೇಗೆ ಮಾಡಬೇಕೆಂದು ಯೂನಿಕೋಡೇ ವಿಧಿಸಿದೆ.

ಪಾಸ್‌ವರ್ಡ್ ತಪ್ಪು ಎಂದು ಬಂದರೆ ಮೊದಲು ಕ್ಯಾಪ್ಸ್ ಲಾಕ್ ನೋಡಿ. ಮುಂದೆ ನಿಮ್ಮಲ್ಲಿ ಯಾರಾದರೂ ತಂತ್ರಾಂಶ ಬರೆಯುವವರಾದರೆ, ಅದನ್ನು ಹೊರಗೆ ಬಿಡುವ ಮೊದಲು ಎರಡೂ ಬಗೆಯ ಅಂಕೋಲಾ ಹಾಕಿ ಒಮ್ಮೆ ಪರೀಕ್ಷಿಸಿ.